ಹಳೇ ಫೋರ್ ವೀಲ್ ಡ್ರೈವ್ ಪಿಕಪ್ ಕೊಳ್ಳುವ ಮೊದಲು ಅದರ ಕೆಳಗೆ ಮಲಗಿ ನೋಡಿ

ಡೀಲರ್ ಅಂಗಳದಲ್ಲಿ ನಿಂತ ಸೆಕೆಂಡ್ ಹ್ಯಾಂಡ್ ಪಿಕಪ್ ಮೇಲಿಂದ ನೋಡಿದರೆ ಯಾವತ್ತೂ ಚೆನ್ನಾಗಿಯೇ ಕಾಣುತ್ತದೆ. ತೊಳೆದಿರುತ್ತಾರೆ, ಪಾಲಿಶ್ ಹಾಕಿರುತ್ತಾರೆ, ಟೈರಿಗೆ ಕಪ್ಪು ಬಳಿದಿರುತ್ತಾರೆ. ಅದು ತಪ್ಪೇನಲ್ಲ, ಮಾರುವವರು ಅಷ್ಟಾದರೂ ಮಾಡಬೇಕಲ್ವಾ. ಆದರೆ ಈ ಜಾತಿಯ ಗಾಡಿ ಹೇಗೆ ಬದುಕಿದೆ ಅನ್ನೋದು ಗೊತ್ತಾಗುವುದು ಕೆಳಗೆ. ಚಾಸಿ (ಗಾಡಿಯ ಅಡಿಚೌಕಟ್ಟು), ಎರಡು ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್ ಡಬ್ಬಿ), ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಡಬ್ಬಿ), ಮುಂದಿನ ಆಕ್ಸಲ್. ಅಲ್ಲಿಗೆ ಯಾರೂ ಪಾಲಿಶ್ ಹಾಕುವುದಿಲ್ಲ. ಹಾಕಿದ್ದರೆ ಅದೇ ಮೊದಲ ಅನುಮಾನ.

ನಾನು ಮೊದಲ ಸಲ ಪಿಕಪ್ ಕೊಂಡಾಗ ಇದು ಗೊತ್ತಿರಲಿಲ್ಲ. ಡೀಲರ್ ಲಿವರ್ ಎಳೆದು ತೋರಿಸಿದರು, ಡ್ಯಾಶ್‌ಬೋರ್ಡಿನಲ್ಲಿ ಹಸಿರು ದೀಪ ಹತ್ತಿತು, ನಾನು ನಂಬಿದೆ. ಮೂರು ವಾರ ಕಳೆದ ಮೇಲೆ ಕೆಸರಲ್ಲಿ ಸಿಕ್ಕಿಕೊಂಡೆ. ಹಿಂದಿನ ಚಕ್ರಗಳು ಗಿರಗಿರ ಸುತ್ತುತ್ತಿವೆ, ಮುಂದಿನ ಎರಡೂ ಅಲ್ಲಾಡುತ್ತಿಲ್ಲ, ದೀಪ ಮಾತ್ರ ಉರಿಯುತ್ತಲೇ ಇದೆ. ಆ ಗಾಡಿಯಲ್ಲಿ ದೀಪ ಹತ್ತುವುದು ಟ್ರಾನ್ಸ್‌ಫರ್ ಕೇಸಿನ ಸ್ವಿಚ್‌ನಿಂದ, ಮುಂದಿನ ಆಕ್ಸಲನ್ನು ಜೋಡಿಸುವುದು ಬೇರೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್. ಆ ಪೈಪ್ ಸೀಳಿ ಎಷ್ಟು ಕಾಲ ಆಗಿತ್ತೋ, ಒಳಗೆ ಗೇರನ್ನು ಸರಿಸಿ ಜೋಡಿಸುವ ಫೋರ್ಕ್ ಕೂಡ ಸವೆದು ಹೋಗಿತ್ತು. ಪೈಪಿಗೆ ಖರ್ಚು ಕಡಿಮೆ. ಉಳಿದದ್ದಕ್ಕೆ ತುಂಬಾ ಆಯಿತು. ಅವತ್ತಿನಿಂದ ದೀಪ ನೋಡಿ ಯಾವ ಗಾಡಿಯನ್ನೂ ಒಪ್ಪಿಲ್ಲ, ನೀವೂ ಒಪ್ಪಬೇಡಿ.

ಹೋಗುವ ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಳ್ಳಿ: ನಿಮಗೆ ಎಂಥ ಫೋರ್ ವೀಲ್ ಡ್ರೈವ್ ಬೇಕು? ಹೆಚ್ಚಿನ ಪಿಕಪ್‌ಗಳಲ್ಲಿ ಇರುವುದು ಪಾರ್ಟ್ ಟೈಮ್. ಅಂದರೆ 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ), 4ಎಚ್ (ನಾಲ್ಕೂ ಚಕ್ರಕ್ಕೆ, ಮಾಮೂಲಿ ವೇಗದಲ್ಲಿ), 4ಎಲ್ (ನಾಲ್ಕೂ ಚಕ್ರಕ್ಕೆ, ನಿಧಾನ ಆದರೆ ಹೆಚ್ಚು ಎಳೆತ, ಇದನ್ನೇ ಲೋ ರೇಂಜ್ ಅನ್ನುವುದು). ಇದರಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. 4ಎಚ್ ಹಾಕಿದ ಕೂಡಲೇ ಮುಂದಿನ ಶಾಫ್ಟ್ ಮತ್ತು ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ಸುತ್ತಲೇಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು, ಆದರೆ ಹೋಗಲು ಬಿಡುವುದಿಲ್ಲ. ಕೆಸರು, ಮರಳು, ಜಲ್ಲಿ ಆದರೆ ಟೈರ್ ಸ್ವಲ್ಪ ಜಾರಿ ಹೊಂದಿಸಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರುವುದಿಲ್ಲ, ಆ ಬಿಗಿತ ಎಲ್ಲಾ ಗೇರು, ಚೈನು, ಜಾಯಿಂಟ್‌ಗಳ ಮೇಲೆ ಬೀಳುತ್ತದೆ. ಹಿಂದಿನ ಮಾಲೀಕರು ಇದು ತಿಳಿಯದೆ ಡಾಂಬರಿನಲ್ಲಿ 4ಎಚ್ ಹಾಕಿಕೊಂಡೇ ಓಡಿಸಿದ್ದರೆ ಒಳಗೆ ಸವೆದಿರುತ್ತದೆ. ಕೆಲವು ಗಾಡಿ ಬೇರೆ ಥರ. ಮಿತ್ಸುಬಿಷಿಯ ಸೂಪರ್ ಸೆಲೆಕ್ಟ್ ಇರುವ ಪಿಕಪ್‌ಗಳಲ್ಲಿ ನಡುವಿನ ಡಿಫರೆನ್ಷಿಯಲ್ ಇರುವುದರಿಂದ 4ಎಚ್‌ನಲ್ಲಿ ಡಾಂಬರಿನ ಮೇಲೂ ಓಡಿಸಬಹುದು. ಮೊದಲ ತಲೆಮಾರಿನ ಫೋಕ್ಸ್‌ವ್ಯಾಗನ್ ಅಮರೋಕ್‌ನ 8 ಸ್ಪೀಡ್ ಆಟೊಮ್ಯಾಟಿಕ್ ಯಾವಾಗಲೂ ನಾಲ್ಕೂ ಚಕ್ರಕ್ಕೆ ಬಲ ಕೊಡುತ್ತದೆ, ಆದರೆ ಅದರಲ್ಲಿ ಲೋ ರೇಂಜ್ ಇಲ್ಲ. ಮಳೆ, ಹಿಮ ಇರುವ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅಂಥದ್ದು ಅನುಕೂಲ. ಕಡಿದಾದ ಮಣ್ಣಿನ ಏರಿನಲ್ಲಿ ಭಾರ ಹೊತ್ತು ಹತ್ತುವವರಿಗೆ 4ಎಲ್ ಬೇಕೇ ಬೇಕು. ಮತ್ತೆ ನೋಡಲು ಒಂದೇ ಥರ ಇರುವ ಪಿಕಪ್‌ಗಳಲ್ಲಿ ಎಷ್ಟೋ ಬರೀ ಹಿಂದಿನ ಚಕ್ರದವು. ಸ್ಟಿಕ್ಕರ್ ನೋಡಿ ಮೋಸ ಹೋಗಬೇಡಿ, ಬಗ್ಗಿ ನೋಡಿ, ಮುಂದಿನ ಆಕ್ಸಲಿಗೆ ಶಾಫ್ಟ್ ಹೋಗಿದೆಯಾ ಅಂತ.

ಡೀಲರಿಗೆ ಮೊದಲೇ ಫೋನ್ ಮಾಡಿ, ನಾನು ಬರುವವರೆಗೂ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಕಾರಣ ಕೇಳಿ, ಸಾಧ್ಯವಾದರೆ ಮತ್ತೊಂದು ದಿನ ಬನ್ನಿ. ಡೀಸೆಲ್ ಎಂಜಿನ್ ತನ್ನ ಕಾಯಿಲೆ ಹೇಳುವುದು ತಣ್ಣಗಿರುವಾಗ ಮಾತ್ರ. ಬಿಸಿಯಾದ ಮೇಲೆ ಸುಸ್ತಾದ ಇಂಜೆಕ್ಟರ್ ಕೂಡ ಸರಿಯಾಗಿಯೇ ಇರುವಂತೆ ಕಾಣುತ್ತದೆ. ಸ್ಟಾರ್ಟ್ ಆದಾಗ ಒಂದು ಕ್ಷಣ ಸ್ವಲ್ಪ ಹೊಗೆ ಬಂದು ನಿಂತರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಹೋಗದೇ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಎಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ ಜಾಸ್ತಿ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು: ಟರ್ಬೊ ಪೈಪ್ ಸೋರುತ್ತಿರಬಹುದು, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಕಟ್ಟಿಕೊಂಡಿರಬಹುದು, ಯಾರೋ ಬಲ ಹೆಚ್ಚಿಸಲು ಚಿಪ್ ಹಾಕಿರಲೂಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತಿರುಗಿಸಿ ಅಲ್ಲೇ ಸಡಿಲವಾಗಿ ಕೂರಿಸಿ ನೋಡಿ. ಸ್ವಲ್ಪ ನಡುಗಿದರೆ ಸರಿ. ಹೊಗೆಯ ಜೊತೆ ಮುಚ್ಚಳ ಕುಣಿದು ಎದ್ದು ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಅಂಥ ಗಾಡಿ ಬೇಡ.

ಗಾಡಿಯ ಕಂಪ್ಯೂಟರಿಗೆ ಜೋಡಿಸಿ ದೋಷ ಓದುವ ಒಂದು ಅಗ್ಗದ ಓಬಿಡಿ ಸ್ಕ್ಯಾನರ್ ಜೇಬಿನಲ್ಲಿ ಇರಲಿ. ಬರೀ ದೋಷದ ಕೋಡ್ ಇದೆಯಾ ಅಂತ ನೋಡಿದರೆ ಸಾಲದು. ರೆಡಿನೆಸ್ ಅಂತ ಒಂದು ಪುಟ ಇರುತ್ತದೆ. ಗಾಡಿ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಪಟ್ಟಿ ಅದು. ಅದರಲ್ಲಿ ತುಂಬಾ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದು ಬಂದರೆ, ಕೋಡ್‌ಗಳನ್ನು ಇತ್ತೀಚೆಗೆ ಅಳಿಸಿರಬಹುದು ಅಥವಾ ಬ್ಯಾಟರಿ ತೆಗೆದಿರಬಹುದು. ಏನಾಯಿತು ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯಿರಿ.

ಈಗ ಕೆಳಗೆ ಮಲಗುವ ಕೆಲಸ. ಹಳೇ ಬಟ್ಟೆ ಹಾಕಿಕೊಂಡು ಹೋಗಿ, ಟಾರ್ಚ್, ಒಂದು ಚಾಪೆ, ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಇಟ್ಟು, ಕೀ ನಿಮ್ಮ ಜೇಬಿಗೆ ಹಾಕಿಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತೂರಬೇಡಿ. ಪಿಕಪ್ ಎತ್ತರ ಇರುವುದರಿಂದ ಜಾಕ್ ಇಲ್ಲದೆಯೇ ಒಳಗೆ ಹೋಗಬಹುದು.

ಮೊದಲು ಚಾಸಿ. ಮೇಲ್ಮೈಯಲ್ಲಿ ಕೆಂಪಗೆ ತೆಳು ತುಕ್ಕು ಇದ್ದರೆ ಹೆದರಬೇಡಿ, ಅದು ಎಲ್ಲಾ ಹಳೇ ಗಾಡಿಯಲ್ಲೂ ಇರುತ್ತದೆ. ಪದರ ಪದರವಾಗಿ ಎದ್ದು ಬರುವ ತುಕ್ಕು ಬೇರೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಕೊಳೆತದ್ದು ಮಂದವಾಗಿ ಡಬ್ ಅನ್ನುತ್ತದೆ, ಕೆಲವೊಮ್ಮೆ ಕೈಗೆ ಚಕ್ಕೆ ಉದುರುತ್ತದೆ. ಹಿಂದಿನ ಸ್ಪ್ರಿಂಗ್ ಕಟ್ಟಿರುವ ಜಾಗ, ಹಿಂದಿನ ಚಕ್ರದ ಮೇಲೆ ಬಾಗಿದ ಭಾಗ, ಅಡ್ಡಪಟ್ಟಿ ಬೆಸುಗೆ ಹಾಕಿದ ಮೂಲೆಗಳು, ಇಲ್ಲೆಲ್ಲಾ ಮಣ್ಣು ಕೂತು ತೇವ ಹಿಡಿದುಕೊಳ್ಳುತ್ತದೆ. ಚಾಸಿ ಡಬ್ಬಿಯ ಥರ ನಾಲ್ಕೂ ಕಡೆ ಮುಚ್ಚಿದ್ದರೆ ಅದು ಒಳಗಿನಿಂದ ಕೊಳೆಯುತ್ತದೆ, ಹೊರಗೆ ಕಾಣುವುದೇ ಇಲ್ಲ. ತೂತುಗಳಲ್ಲಿ ಬೆರಳು ಹಾಕಿ ನೋಡಿ, ಟಾರ್ಚ್ ಬಿಟ್ಟು ನೋಡಿ. ಇದು ದೊಡ್ಡ ಹೆಸರಿನ ಗಾಡಿಗಳನ್ನೂ ಬಿಟ್ಟಿಲ್ಲ. ಅಮೆರಿಕದಲ್ಲಿ ಮಾರಿದ 2005ರಿಂದ 2010ರವರೆಗಿನ ಟೊಯೋಟಾ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕಿನ ವಿಷಯ ಕೋರ್ಟಿಗೆ ಹೋಯಿತು, ಕೊನೆಗೆ ಕಂಪನಿ ಚಾಸಿಗಳನ್ನು ಪರೀಕ್ಷೆ ಮಾಡಿ, ಹಾಳಾದದ್ದನ್ನು ಬದಲಿಸಿಕೊಡಲು ಒಪ್ಪಿಕೊಂಡಿತು. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುವ ಕಡೆ ಓಡಿದ ಗಾಡಿ, ಸಮುದ್ರದ ದಂಡೆಯ ಗಾಡಿ, ದೋಣಿಯನ್ನು ನೀರಿಗೆ ಇಳಿಸಲು ಬಳಸಿದ ಗಾಡಿ, ಇವುಗಳ ಕೆಳಗೆ ಎರಡು ಪಟ್ಟು ಹೊತ್ತು ಕಳೆಯಿರಿ. ಹಳೇ ಗಾಡಿಯ ಚಾಸಿಗೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದರಡಿ ಏನಿದೆ ಅಂತ ಗೊತ್ತಾಗುವವರೆಗೆ ನಾನಂತೂ ಹಣದ ಮಾತೇ ಎತ್ತುವುದಿಲ್ಲ.

ಚಾಸಿ ಬಾಗಿದೆಯಾ ಅನ್ನುವುದು ಇನ್ನೊಂದು ಪ್ರಶ್ನೆ. ಕ್ಯಾಬಿನ್‌ಗೂ ಹಿಂದಿನ ತೊಟ್ಟಿಗೂ ನಡುವೆ ಒಂದು ಸಂದು ಇರುತ್ತದಲ್ಲ, ಪಕ್ಕದಿಂದ ನಿಂತು ಅದನ್ನು ನೋಡಿ. ಮೇಲೆ ಕೆಳಗೆ ಒಂದೇ ಅಗಲ ಇರಬೇಕು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ತೊಟ್ಟಿ ಹಿಂದಕ್ಕೆ ಬಾಗಿದೆ, ಅಂದರೆ ಹಿಂದಿನ ಆಕ್ಸಲ್‌ಗಿಂತ ಆಚೆ ಮಿತಿ ಮೀರಿ ಭಾರ ಹಾಕಿದ್ದಾರೆ ಅಥವಾ ಭಾರದ ಟ್ರೇಲರ್ ಎಳೆದಿದ್ದಾರೆ. ಸಂದು ಎಡಕ್ಕೂ ಬಲಕ್ಕೂ ಬೇರೆ ಇದ್ದರೆ ಅಪಘಾತದ ಸಾಧ್ಯತೆ ಹೆಚ್ಚು.

ಕೆಳಗೇ ಇದ್ದೀರಿ, ಮುಂದುವರಿಸಿ. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ, ಹಿಂದಿನ ಆಕ್ಸಲಿಗೆ ಹೋಗುವ ಎರಡೂ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಜಾಯಿಂಟ್‌ನಲ್ಲಿ ಪ್ಲೇ (ಸಡಿಲ) ಇರಬಾರದು. ಮುಂದಿನ ಆಕ್ಸಲಿನ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್‌ಗಳನ್ನು ಹಿಸುಕಿ ನೋಡಿ, ಒಡೆದಿದ್ದರೆ ಸುತ್ತಲೂ ಗ್ರೀಸ್ ಚಿಮ್ಮಿರುತ್ತದೆ. ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್, ಗೇರ್ ಬಾಕ್ಸ್ ಸೀಲುಗಳ ಹತ್ತಿರ ಧೂಳು ಅಂಟಿದ ಎಣ್ಣೆಯ ಪಸೆ ಇದ್ದರೆ ಹಳೇ ಸೋರಿಕೆ. ಎಲ್ಲಾ ಕಡೆ ಧೂಳು ಇದ್ದು ಟ್ರಾನ್ಸ್‌ಫರ್ ಕೇಸ್ ಮಾತ್ರ ಫಳಫಳ ಅಂತ ಒರೆಸಿದಂತಿದ್ದರೆ? ಅದನ್ನೂ ಕೇಳಿ. ಲೀಫ್ ಸ್ಪ್ರಿಂಗ್ ಎರಡೂ ಕಡೆ ಒಂದೇ ಬಾಗು ಇರಬೇಕು, ಬಿರುಕು ಬಿಟ್ಟ ಪಟ್ಟಿ ಇರಬಾರದು. ಕಂಪನಿಯದ್ದಲ್ಲದ ಹೆಚ್ಚುವರಿ ಪಟ್ಟಿ ಸೇರಿಸಿದ್ದರೆ ಆ ಗಾಡಿ ಭಾರ ಹೊತ್ತೇ ಬದುಕಿದೆ ಅಂತ ಅರ್ಥ.

ನೀರಿನ ವಿಷಯಕ್ಕೆ ಬನ್ನಿ. ಪಿಕಪ್ ಅಂದರೆ ಹೊಳೆ ದಾಟಿಸುವವರು ಇದ್ದೇ ಇರುತ್ತಾರೆ, ಪ್ರವಾಹದಲ್ಲಿ ಮುಳುಗಿ ಮತ್ತೆ ಮಾರಾಟಕ್ಕೆ ಬಂದ ಗಾಡಿಗಳೂ ಇರುತ್ತವೆ. ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್ (ಗಾಳಿ ಆಡುವ ಸಣ್ಣ ತೂತು) ಕಟ್ಟಿದ್ದರೆ ಸೀಲಿನ ಮೂಲಕ ನೀರು ಎಳೆದುಕೊಳ್ಳುತ್ತದೆ. ಆಯಿಲ್ ತುಂಬುವ ಬೋಲ್ಟ್ ಬಿಚ್ಚಿ ಬೆರಳು ಹಾಕಿಸಿ ನೋಡಿ. ಹಾಲು ಕಲೆಸಿದ ಹಾಗೆ ಮಸುಕಾಗಿದ್ದರೆ ನೀರು ಸೇರಿದೆ. ಕ್ಯಾಬಿನ್ ಒಳಗೆ ನೋಡಲು ನನಗೆ ಇಷ್ಟವಾದ ಪರೀಕ್ಷೆ ಸೀಟ್ ಬೆಲ್ಟ್. ಒಮ್ಮೆ ಒಂದು ಗಾಡಿಯಲ್ಲಿ ಚಾಲಕನ ಕಡೆಯ ಬೆಲ್ಟನ್ನು ಕೊನೆ ಮುಟ್ಟುವವರೆಗೂ ಎಳೆದೆ. ನಾವು ದಿನಾ ಹಾಕಿಕೊಳ್ಳುವ ಭಾಗವೆಲ್ಲ ಶುಭ್ರ. ಯಾವತ್ತೂ ಹೊರಗೆ ಬರದ ಕೊನೆಯ ಒಂದು ಗೇಣಿನಲ್ಲಿ ಮಣ್ಣಿನ ಬಣ್ಣದ ಗೆರೆ, ನೇರವಾಗಿ, ಸ್ಕೇಲ್ ಇಟ್ಟು ಎಳೆದಂತೆ. ಬೆರಳಲ್ಲಿ ಉಜ್ಜಿದರೆ ನುಣ್ಣನೆ ಪುಡಿ ಉದುರಿತು. ಸೀಟು ಹೊಸದು, ಕಾರ್ಪೆಟ್ ಹೊಸದು, ಬೆಲ್ಟಿನ ಆ ತುದಿ ಮಾತ್ರ ಹಳೆಯದು. ಡೀಲರಿಗೆ ತೋರಿಸಿದೆ, ಅವರಿಗೂ ಗೊತ್ತಿರಲಿಲ್ಲ ಅನ್ನಿಸಿತು, ಅವರೂ ಯಾರಿಂದಲೋ ಕೊಂಡಿದ್ದರು. ಗಾಡಿ ಬಿಟ್ಟು ಬಂದೆ. ಹೆಡ್‌ಲೈಟ್ ಹಿಂದೆ, ಸ್ಟೆಪ್ನಿಯ ಮೇಲ್ಭಾಗದಲ್ಲಿ, ಡ್ಯಾಶ್‌ಬೋರ್ಡ್ ಕೆಳಗಿನ ವೈರ್ ಕನೆಕ್ಟರ್‌ಗಳಲ್ಲಿ ಕೂಡ ಹೀಗೆ ಮಣ್ಣು, ಹಸಿರು ಕಿಲುಬು ಹುಡುಕಿ.

ಓಡಿಸಿ ನೋಡುವಾಗ ಮೊದಲು ಡಾಂಬರಿನ ಮೇಲೆ 2ಎಚ್‌ನಲ್ಲಿ ಓಡಿಸಿ. ಗೇರ್ ಮುಂದಕ್ಕೂ ರಿವರ್ಸ್‌ಗೂ ಹಾಕಿದಾಗ ಕೆಳಗಿಂದ ದಡ್ ಅನ್ನುವ ಸದ್ದು ಬಂದರೆ ಜಾಯಿಂಟೋ ಡಿಫರೆನ್ಷಿಯಲ್ಲೋ ಸಡಿಲ. ವೇಗಕ್ಕೆ ತಕ್ಕಂತೆ ಏರುವ ಗುಂಯ್ ಶಬ್ದ, ಬ್ರೇಕ್ ಹಿಡಿದಾಗ ಒಂದು ಕಡೆ ಎಳೆಯುವುದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ, ಇವನ್ನೆಲ್ಲ ರೇಡಿಯೊ ಆಫ್ ಮಾಡಿಸಿ ಕೇಳಿ.

ಆಮೇಲೆ ಸಡಿಲ ಮಣ್ಣು ಅಥವಾ ಜಲ್ಲಿ ಇರುವ ಜಾಗಕ್ಕೆ ಕರೆದುಕೊಂಡು ಹೋಗಿ. ಡೀಲರ್ ಇಲ್ಲಿ ಸ್ವಲ್ಪ ಹಿಂದೇಟು ಹಾಕಬಹುದು. ಬಿಡಬೇಡಿ, ನೀವು ದುಡ್ಡು ಕೊಡುತ್ತಿರುವುದೇ ಇದಕ್ಕೆ. ಜೊತೆಗೆ ಬಂದವರನ್ನು ಕೆಳಗಿಳಿಸಿ, ಗಾಡಿಯ ಮುಂದೆ ಅಲ್ಲ, ಪಕ್ಕಕ್ಕೆ ದೂರದಲ್ಲಿ ನಿಲ್ಲಿಸಿ. 4ಎಚ್ ಹಾಕಿ, ನಿಂತಲ್ಲಿಂದ ಜೋರಾಗಿ ಎಕ್ಸಲರೇಟರ್ ಕೊಡಿ. ಮುಂದಿನ ಚಕ್ರಗಳೂ ಜಲ್ಲಿ ಎರಚುತ್ತಿವೆಯಾ ಅಂತ ಅವರು ನೋಡಲಿ. ನಂತರ ನಿಧಾನವಾಗಿ ಪೂರ್ತಿ ತಿರುಗಿಸಿ. ಪಾರ್ಟ್ ಟೈಮ್ ಗಾಡಿಯಾದರೆ ಸ್ಟೇರಿಂಗ್ ಬಿಗಿಯಾಗಿ, ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ಎಳೆದಾಡಬೇಕು. ಇದು ಒಳ್ಳೆಯ ಲಕ್ಷಣ, ನಾಲ್ಕೂ ಚಕ್ರ ಜೋಡಣೆಯಾಗಿವೆ ಅಂತ. ಏನೂ ವ್ಯತ್ಯಾಸ ಕಾಣದಿದ್ದರೆ ಮುಂದಿನ ಆಕ್ಸಲ್ ಜೋಡಿಸಿಕೊಂಡಿಲ್ಲ. ಹಳೇ ಮಾದರಿಗಳಲ್ಲಿ ಮುಂದಿನ ಹಬ್‌ಗಳನ್ನು (ಚಕ್ರದ ನಡುವಿನ ಗುಂಬ) ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು, ಅದನ್ನು ಮರೆತು ಗಾಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

4ಎಲ್‌ಗೆ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು ಹಾಕಿ. ದೀಪ ಮಿಣುಕುವುದು ನಿಂತು ಒಂದೇ ಸಮ ಉರಿಯಬೇಕು. ಮೊದಲ ಗೇರಿನಲ್ಲಿ ಕಾಲು ತೆಗೆದರೆ ಗಾಡಿ ನಡೆಯುವವರಿಗಿಂತ ನಿಧಾನವಾಗಿ ತೆವಳಬೇಕು. ಸಣ್ಣ ಇಳಿಜಾರು ಸಿಕ್ಕರೆ ಇಳಿಸಿ ನೋಡಿ, ಬ್ರೇಕ್ ಮುಟ್ಟದೆ ಎಂಜಿನ್ನೇ ಹಿಡಿದುಕೊಳ್ಳಬೇಕು, ಗೇರ್ ತಾನಾಗಿ ಹಾರಿ ಬರಬಾರದು. ಏರಿನಲ್ಲಿ ಬಲ ಕೊಟ್ಟಾಗ ಟ್ರಾನ್ಸ್‌ಫರ್ ಕೇಸಿನಿಂದ ಹಲ್ಲು ಜಾರಿದಂತೆ ಕಟಕ್ ಅಂದರೆ ಒಳಗಿನ ಚೈನ್ ಸಡಿಲಾಗಿರಬಹುದು. ಕೊನೆಗೆ 2ಎಚ್‌ಗೆ ವಾಪಸ್ ಬನ್ನಿ. ಕೆಲವೊಮ್ಮೆ ಒಂದೆರಡು ಮಾರು ರಿವರ್ಸ್ ತೆಗೆದರೆ ಬಿಟ್ಟುಕೊಳ್ಳುತ್ತದೆ, ಅದು ಸಹಜ. ಬರಲೇ ಇಲ್ಲ ಅಂದರೆ ಸಹಜ ಅಲ್ಲ. ಹಿಂದಿನ ಡಿಫರೆನ್ಷಿಯಲ್ ಲಾಕ್ (ಎರಡೂ ಚಕ್ರ ಒಟ್ಟಿಗೇ ಸುತ್ತುವಂತೆ ಬಿಗಿಯುವುದು) ಇದ್ದರೆ ಅದನ್ನೂ ಇಲ್ಲೇ ಹಾಕಿ ತೆಗೆದು ನೋಡಿ.

ಟೈರ್ ನಾಲ್ಕೂ ಒಂದೇ ಅಳತೆಯವು, ಸವೆತವೂ ಹೆಚ್ಚು ಕಡಿಮೆ ಒಂದೇ ಇರಬೇಕು, ಇಲ್ಲದಿದ್ದರೆ 4ಎಚ್‌ನಲ್ಲಿ ಆ ವ್ಯತ್ಯಾಸವನ್ನು ಟ್ರಾನ್ಸ್‌ಫರ್ ಕೇಸ್ ನುಂಗಬೇಕು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ದೊಡ್ಡ ಟೈರ್ ಹಾಕಿದ ಗಾಡಿಯಲ್ಲಿ ಓಡೋಮೀಟರ್ ಕಡಿಮೆ ಎಣಿಸುತ್ತದೆ. ಕಂಪನಿಯ 265/65ಆರ್17 ತೆಗೆದು 285/70ಆರ್17 ಹಾಕಿದರೆ ವ್ಯಾಸ ಸುಮಾರು 776 ಮಿಲಿಮೀಟರ್‌ನಿಂದ 831ಕ್ಕೆ ಹೋಗುತ್ತದೆ. ಆ ಟೈರಿನಲ್ಲೇ ಓಡಿದ್ದರೆ, ಮೀಟರ್ ತಿದ್ದುಪಡಿ ಮಾಡಿಸದೆ ಇದ್ದರೆ, 1,00,000 ಕಿಲೋಮೀಟರ್ ಅಂತ ತೋರಿಸುವಾಗ ನಿಜವಾಗಿ ಸುಮಾರು 1,07,000 ಓಡಿರುತ್ತದೆ. ಇದರಲ್ಲಿ ಯಾರ ಮೋಸವೂ ಇಲ್ಲ, ಆದರೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎತ್ತರ ಹೆಚ್ಚಿಸಿದ ಗಾಡಿ ನೋಡಲು ಚೆಂದ. ಆದರೆ ಜಾಯಿಂಟ್‌ಗಳು ಓರೆಯಾಗಿ ಓಡಿ ಬೇಗ ಸವೆಯುತ್ತವೆ, ವಿಮೆಯವರು ತಕರಾರು ತೆಗೆಯಬಹುದು. ನಾನು ಕಂಪನಿಯಿಂದ ಬಂದಂತೆಯೇ ಇರುವ ಗಾಡಿಯನ್ನೇ ಹುಡುಕುತ್ತೇನೆ.

ಕಾಗದಪತ್ರದಲ್ಲಿ ಮುಖ್ಯವಾದದ್ದು ಗಾಡಿಯ ಗುರುತಿನ ಸಂಖ್ಯೆ. 17 ಅಕ್ಷರ ಮತ್ತು ಅಂಕಿ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರುವುದೇ ಇಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗಬಾರದು ಅಂತ. ಚಾಸಿಯ ಮೇಲೆ ಕೊರೆದದ್ದು, ಪ್ಲೇಟಿನ ಮೇಲೆ ಇರುವುದು, ಕಾಗದದಲ್ಲಿ ಇರುವುದು, ಮೂರನ್ನೂ ಒಂದೊಂದೇ ಅಕ್ಷರ ಹೋಲಿಸಿ. ಅದೇ ಸಂಖ್ಯೆ ಕೊಟ್ಟು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು) ಬಾಕಿ ಇದೆಯಾ, ಸರ್ವಿಸ್ ಎಲ್ಲೆಲ್ಲಿ ಆಗಿದೆ ಎಂದು ವಿಚಾರಿಸಿ. ಗಾಡಿಯ ಮೇಲೆ ಸಾಲ ಇದೆಯಾ ನೋಡಿ. ಸಾಲ ತೀರಿದ ಪತ್ರ ಕೈಗೆ ಸಿಗದೆ ಮುಂಗಡ ಕೊಡಬೇಡಿ.

ಇಷ್ಟೆಲ್ಲಾ ನೀವೇ ನೋಡಿದ ಮೇಲೂ ಡೀಲರಿಗೆ ಸಂಬಂಧವಿಲ್ಲದ ಒಬ್ಬ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ತೋರಿಸಿ. ಅದಕ್ಕೆ ಡೀಲರ್ ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸಿ. ಮೆಕ್ಯಾನಿಕ್ ಕೊಟ್ಟ ಪಟ್ಟಿಯನ್ನು ಹಿಡಿದುಕೊಂಡೇ ಚೌಕಾಸಿಗೆ ಕೂರಿ. ಬೆಲೆ ಜಾಸ್ತಿ ಆಯ್ತು ಅಂತ ಸುಮ್ನೆ ಹೇಳುವುದಕ್ಕಿಂತ, ಮುಂದಿನ ಎಡ ಬೂಟ್ ಒಡೆದಿದೆ, ಹಿಂದಿನ ಡಿಫರೆನ್ಷಿಯಲ್ ಸೀಲ್ ಸೋರುತ್ತಿದೆ, ಇದಕ್ಕೆ ಇಷ್ಟು ಖರ್ಚು ಎಂದು ಹೇಳಿದರೆ ಮಾತಿಗೆ ತೂಕ ಬರುತ್ತದೆ. ತಿಂಗಳ ಕಂತು ಎಷ್ಟು ಅನ್ನುವ ಮಾತಿಗೆ ಎಳೆದರೆ ಹೋಗಬೇಡಿ, ಒಟ್ಟು ಬೆಲೆ ಮೊದಲು ನಿಲ್ಲಲಿ. ವಾರಂಟಿ ಕೊಡುತ್ತೇವೆ ಅಂದರೆ ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್, ಮುಂದಿನ ಆಕ್ಸಲ್ ಅದರಲ್ಲಿ ಬರುತ್ತವೆಯಾ ಎಂದು ಹೆಸರು ಹಿಡಿದು ಕೇಳಿ. ಎಂಜಿನ್ ಮತ್ತು ಗೇರ್ ಬಾಕ್ಸ್ ಮಾತ್ರ ಅಂತ ಎಷ್ಟೋ ಕಡೆ ಇರುತ್ತದೆ. ರಿಪೇರಿ ಮಾಡಿಸಿಕೊಡುತ್ತೇವೆ ಅಂದದ್ದು ಬಿಲ್ಲಿನ ಮೇಲೆ ಬರಹದಲ್ಲಿ ಬರಬೇಕು. ಇನ್ನೊಬ್ಬರು ನೋಡಿ ಹೋಗಿದ್ದಾರೆ, ಇವತ್ತೇ ಹೇಳಿ ಅಂತ ಅವಸರ ಮಾಡಿದರೆ, ಹೋಗಲಿ ಬಿಡಿ, ಪಿಕಪ್‌ಗಳು ಇನ್ನೂ ಬರುತ್ತವೆ.

ಕೊಂಡ ಮೇಲೆ ಮೊದಲ ವಾರದಲ್ಲೇ ಎಲ್ಲಾ ಆಯಿಲ್ ಬದಲಿಸಿ: ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್. ಇದಕ್ಕೆ ದುಡ್ಡು ಮೊದಲೇ ಎತ್ತಿಟ್ಟುಕೊಂಡಿರಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆಗಿದ್ದು, ಬದಲಿಸಿದ ಬಿಲ್ ಇಲ್ಲದಿದ್ದರೆ ಅದನ್ನೂ ಹಾಕಿಸಿ. ಆಯಿಲ್ ಇಳಿಸುವಾಗ ನೀವೂ ಅಲ್ಲೇ ನಿಂತಿರಿ. ಕೆಳಗಿನ ಬೋಲ್ಟ್‌ಗೆ ಅಯಸ್ಕಾಂತ ಇದ್ದರೆ ಅದರ ತುದಿ ನೋಡಿ. ಬೂದಿಯಂಥ ನುಣ್ಣನೆ ಪುಡಿ ಅಂಟಿದ್ದರೆ ಅದು ಸಹಜ ಸವೆತ, ಒರೆಸಿ ಹಾಕಿ. ಉಗುರಿನಲ್ಲಿ ಎತ್ತಿಕೊಳ್ಳುವಷ್ಟು ದೊಡ್ಡ ಚೂರು ಸಿಕ್ಕಿದರೆ ಕಾಗದದಲ್ಲಿ ಕಟ್ಟಿಕೊಂಡು ಫೋಟೊ ತೆಗೆದು, ವಾರಂಟಿ ದಿನ ಮುಗಿಯುವ ಮೊದಲೇ ಡೀಲರ್ ಮೇಜಿನ ಮೇಲೆ ಇಡಿ.